ಗದ್ದೆ ಹೆಗ್ಗಣದ ಲಿವರ್‌ನಲ್ಲಿ ಬಿಳಿ ಗುಳ್ಳೆ ಇತ್ತು, ಹಸುಗಳಿಗೂ ನಮಗೂ ಹುಳ ಅಂಟುತ್ತಾ?

ನಾಲೆ ಏರಿಯಲ್ಲಿ ಹೊಡೆದ ಹೆಗ್ಗಣವನ್ನು ಕೊಯ್ದು ನೋಡಿ ಹುಳದ ಚಿಂತೆ ಹಚ್ಚಿಕೊಂಡಿದ್ದೀರಿ, ಅಲ್ವಾ? ನಮ್ಮದೂ ಮದ್ದೂರು ಕಡೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರಿನ ಗದ್ದೆ. ನನ್ನ ಜೀವಕ್ಕೆ ಬಂದದ್ದು ಹುಳ ಅಲ್ಲ, ಹೆಗ್ಗಣದ ಉಚ್ಚೆ, ಅದರಿಂದ ಅಂಟುವ ಇಲಿ ಜ್ವರ (ಲೆಪ್ಟೊಸ್ಪೈರೋಸಿಸ್).

ನಾಟಿ ಸಮಯ. ಹೆಗ್ಗಣ ಬಿಲ ಕೊರೆದು ಬದುವಿನಿಂದ ನೀರು ಸೋರುತ್ತಿತ್ತು. ಬರಿಗಾಲಲ್ಲಿ ಇಳಿದು, ಬಿಲಕ್ಕೆ ಕೈ ಹಾಕಿ ಕೆಸರು ಮೆತ್ತಿದೆ. ಹಿಮ್ಮಡಿ ಒಡೆದು ರಕ್ತ ಜಿನುಗುತ್ತಿತ್ತು, ಲೆಕ್ಕಕ್ಕೆ ಇಡಲಿಲ್ಲ. ಒಂದು ವಾರ ಕಳೆದ ಮೇಲೆ ಚಳಿಜ್ವರ ಬಂತು. ಕಣ್ಣು ಕೆಂಪಾಯಿತು, ಪಿಸುರಿಲ್ಲ. ಮೀನಖಂಡದ ಮೇಲೆ ಹೊದಿಕೆ ತಾಗಿದರೂ ಚೀರುವಂತಾಗುತ್ತಿತ್ತು.

ಡಾಕ್ಟರು ಕೇಳಿದ್ದು ಒಂದೇ ಮಾತು: ಏನು ಕೆಲಸ? ನನಗೆ ಗೊಬ್ಬರದ ಅಂಗಡಿಯೂ ಇದೆ, ಹಾಗಾಗಿ 'ಅಂಗಡಿ' ಅಂದುಬಿಟ್ಟೆ. ಗದ್ದೆ, ಬಿಲ, ಒಡೆದ ಹಿಮ್ಮಡಿ ಯಾವುದನ್ನೂ ಹೇಳಲಿಲ್ಲ. ವೈರಲ್ ಜ್ವರ ಅಂತ ಮಾತ್ರೆ ಕೊಟ್ಟರು. ಅವರನ್ನು ದೂರುವಂತಿಲ್ಲ. ಇಲಿ ಜ್ವರ ಮೊದಲ ದಿನಗಳಲ್ಲಿ ಡೆಂಗಿಯಂತೆ, ಫ್ಲೂನಂತೆ ಕಾಣುತ್ತದೆ. ರಕ್ತ ಪರೀಕ್ಷೆಯೂ ಶುರುವಿನಲ್ಲಿ ಏನೂ ಇಲ್ಲ ಅಂತ ತೋರಿಸಬಹುದು. ನೀವು ಎಲ್ಲಿ ಕಾಲಿಟ್ಟಿರಿ ಅನ್ನುವ ಮಾತಿನಿಂದಲೇ ಅನುಮಾನ ಹುಟ್ಟಬೇಕು. ಆ ಮಾತು ನನ್ನ ಬಾಯಿಂದ ಬಂದಿದ್ದರೆ ಡಾಕ್ಸಿಸೈಕ್ಲಿನ್‌ನಂಥ ಕಡಿಮೆ ಬೆಲೆಯ ಆ್ಯಂಟಿಬಯೋಟಿಕ್ ಮಾತ್ರೆ ಅವತ್ತೇ ಶುರುವಾಗುತ್ತಿತ್ತು. ಆ ಔಷಧ ಬೇಗ ಕೊಟ್ಟಷ್ಟೂ ಕೆಲಸ ಜಾಸ್ತಿ. ನಾನೋ ಕಣ್ಣು ಹಳದಿಯಾದ ಮೇಲೆ ಕಾಮಾಲೆ ಅಂತ ನಾಟಿ ಔಷಧಿಗೆ ಓಡಿದೆ. ಉಚ್ಚೆ ಕಟ್ಟಿತು. ಮೈಸೂರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಯಿತು. ಹಾಲು ಕರೆಯುತ್ತಿದ್ದ ಎರಡೂ ಹಸು ಮಾರಿದೆವು.

ನಿಮ್ಮ ಗುಳ್ಳೆಯ ವಿಷಯ. ಇಲಿ, ಹೆಗ್ಗಣದ ಲಿವರ್‌ನಲ್ಲಿ ಕಾಣುವ ಅಂಥ ಗುಳ್ಳೆ ಸಾಮಾನ್ಯವಾಗಿ ಬೆಕ್ಕಿನ ಲಾಡಿಹುಳದ ಮರಿ. ಅದು ಹಸುವಿಗೆ ಹೋಗುವುದಲ್ಲ. ಫ್ರಾನ್ಸ್ ಕಡೆ ನ್ಯೂಟ್ರಿಯಾ ಅನ್ನುವ, ನೀರಿನಲ್ಲಿ ಬದುಕುವ, ಇಲಿಯಂತೆ ಕಡಿದು ತಿನ್ನುವ ದೊಡ್ಡ ಪ್ರಾಣಿಯ ಲಿವರ್‌ನಲ್ಲಿ ದನದ ಚಪ್ಪಟೆ ಹುಳ ಸಿಕ್ಕಿದೆ, ನಿಜ. ಆ ಪ್ರಾಣಿಯ ಮೂಲ ದಕ್ಷಿಣ ಅಮೆರಿಕ, ನಮ್ಮ ನಾಲೆಯಲ್ಲಿ ಇಲ್ಲ. ನಮ್ಮ ಹಸುಗಳಿಗೆ ಆ ಜಾತಿಯ ಹುಳ ಬರುವುದು ಸಗಣಿಯಿಂದ ನೀರಿಗೆ, ನೀರಿನ ಬಸವನಹುಳಕ್ಕೆ, ಅಲ್ಲಿಂದ ನೀರಂಚಿನ ಹುಲ್ಲಿಗೆ. ಹಸುವಿನ ದವಡೆ ಕೆಳಗೆ ನೀರು ತುಂಬಿದಂತೆ ಊದಿದರೆ ಪಶುವೈದ್ಯರಿಗೆ ತೋರಿಸಿ. ನಾಲೆ ಅಂಚಿನ ಹಸಿ ಹುಲ್ಲು ಕೊಯ್ದು ಹಾಕಬೇಡಿ.

ಇಲಿ ಜ್ವರದ ರೋಗಾಣು ಹೆಗ್ಗಣದ ಕಿಡ್ನಿಯಲ್ಲಿ ಕೂತಿರುತ್ತದೆ, ಹೆಗ್ಗಣಕ್ಕೆ ಏನೂ ಆಗುವುದಿಲ್ಲ. ಒಣಗಿದರೆ ಸಾಯುತ್ತದೆ, ಒದ್ದೆ ಕೆಸರಿನಲ್ಲಿ ವಾರಗಟ್ಟಲೆ ಇರುತ್ತದೆ. ಹಸುವಿಗೂ ಬರುತ್ತದೆ: ಕಂದು ಹಾಕುತ್ತದೆ, ಹಾಲು ಇದ್ದಕ್ಕಿದ್ದಂತೆ ಇಳಿಯುತ್ತದೆ, ಆಮೇಲೆ ಅದರ ಉಚ್ಚೆಯೂ ಅಪಾಯ. ಕಂದು ಹಾಕಿದ ಹಸುವಿನ ಕಸವನ್ನು (ಮಾಸನ್ನು) ಬರಿಗೈಯಲ್ಲಿ ಎತ್ತಬೇಡಿ.

ವಿಷ ಇಟ್ಟು ಎಲ್ಲ ಹೆಗ್ಗಣ ಕೊಂದರೆ ಸರಿಹೋಗುತ್ತದಾ ಅಂತ ಕೇಳಿದ್ದೀರಿ. ಇಲ್ಲ. ಪಕ್ಕದ ಬದುವಿನಿಂದ ಮತ್ತೆ ಬರುತ್ತವೆ, ವಿಷ ನಾಯಿ ದನಗಳ ಬಾಯಿಗೂ ಹೋಗಬಹುದು. ಬದು ಸಣ್ಣದು ಮಾಡಿ, ದಪ್ಪ ಬದುವಿನಲ್ಲೇ ಅವು ಬಿಲ ಮಾಡುವುದು. ಬೂಸಾ, ಹಿಂಡಿಯನ್ನು ಮುಚ್ಚಳ ಇರುವ ಡ್ರಮ್ಮಿನಲ್ಲಿಡಿ. ಗಾಯ ಇದ್ದರೆ ನೀರಿಗೆ ಇಳಿಯಬೇಡಿ, ಇಳಿಯಲೇಬೇಕಾದರೆ ನೀರು ಹೋಗದ ಪ್ಲಾಸ್ಟರ್, ಬೂಟು.

ಆ ಹೆಗ್ಗಣವನ್ನು ಬರಿಗೈಯಲ್ಲಿ ಕೊಯ್ದಿದ್ದರೆ ಇನ್ನೊಂದು ತಿಂಗಳು ಮೈಮೇಲೆ ಗಮನ ಇರಲಿ. ಜ್ವರ ಬಂದರೆ ಡಾಕ್ಟರು ಕೇಳದಿದ್ದರೂ ಮೊದಲು ಇದನ್ನೇ ಹೇಳಿ.