ನಿಲ್ಲದ ಎಲೆಕ್ಟ್ರಾನಿಗೆ ದುಂಡನೆ ಗೋಡೆ

ಪ್ರಶ್ನೆ: ಗ್ರಾಫೀನ್‌ನಲ್ಲಿ ಎಲೆಕ್ಟ್ರಾನನ್ನು ಯಾವ ಗೋಡೆಯೂ ತಡೆಯೋದಿಲ್ಲ ಎಂದು ನಮ್ಮ ಸರ್ ಹೇಳಿದರು. ಆದರೆ ಅದರಲ್ಲೇ ಎಲೆಕ್ಟ್ರಾನುಗಳನ್ನು ಕೂಡಿಹಾಕಿ ಅನುರಣನೆ ನೋಡಿದ್ದಾರೆ ಅಂತಲೂ ಓದಿದೆ. ಯಾವುದು ನಿಜ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಎರಡೂ ನಿಜ ತಂಗಿ. ಗ್ರಾಫೀನ್ ಅಂದರೆ ಒಂದೇ ಪರಮಾಣುವಿನಷ್ಟು ದಪ್ಪದ ಕಾರ್ಬನ್ ಹಾಳೆ. ಇಲ್ಲಿ ಗೋಡೆ ಅಂದರೆ ಕಲ್ಲು-ಗಾರೆಯದ್ದಲ್ಲ, ವೋಲ್ಟೇಜಿನಿಂದ ಎಬ್ಬಿಸಿದ ತಡೆ. ನೇರವಾಗಿ ಬಂದು ಬಡಿದ ಎಲೆಕ್ಟ್ರಾನ್ ಅದನ್ನು ದಾಟಿ ಹೋಗಿಬಿಡುತ್ತದೆ. ಇದು ಕ್ಲೈನ್ ಟನೆಲಿಂಗ್, ನಿಮ್ಮ ಸರ್ ಹೇಳಿದ್ದು ಇದನ್ನೇ. ಆದರೆ ಗೋಡೆಯನ್ನು ಸವರಿಕೊಂಡು ಓರೆಯಾಗಿ ಬಂದರೆ ಬಹುಪಾಲು ಒಳಕ್ಕೇ ತಿರುಗುತ್ತದೆ.

ಶಾಲೆಯಿಂದ ವಿಜಯಪುರಕ್ಕೆ ಟ್ರಿಪ್ ಹೋಗಿದ್ದೀರಿ ಅಲ್ವಾ? ನಾನೂ ಹುಬ್ಬಳ್ಳಿಯಿಂದ ಹೋಗಿದ್ದೆ. ಗೋಳಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಗೋಡೆಗೆ ಕಿವಿ ಹಚ್ಚಿ ನಿಂತಿದ್ದೆ, ಎದುರು ಬದಿಯಲ್ಲಿ ಗೆಳತಿ ನೋಟ್‌ಬುಕ್ಕಿನ ಹಾಳೆ ಹರಿದಳು, ಆ ಪರ್ರ್ ಅನ್ನುವ ಸದ್ದು ನನ್ನ ಕಿವಿಯ ಪಕ್ಕದಲ್ಲೇ ಹರಿದ ಹಾಗೆ ಬಂತು. ಸದ್ದು ದುಂಡು ಗೋಡೆಯನ್ನು ಬಿಡದೆ ಸವರುತ್ತಾ ಬಂದಿತ್ತು. ಸಿ.ವಿ. ರಾಮನ್ 1922ರಲ್ಲೇ ಇಂಥ ಗ್ಯಾಲರಿಗಳ ಬಗ್ಗೆ ಬರೆದಿದ್ದಾರೆ.

2015ರಲ್ಲಿ ಅಮೆರಿಕದ ಎನ್‌ಐಎಸ್‌ಟಿ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಗ್ರಾಫೀನ್‌ನ ಎಲೆಕ್ಟ್ರಾನುಗಳನ್ನು ಹೀಗೆಯೇ ಸುತ್ತಿಸಿದರು. ಬಳಸಿದ್ದು ಸ್ಕ್ಯಾನಿಂಗ್ ಟನೆಲಿಂಗ್ ಮೈಕ್ರೋಸ್ಕೋಪ್. 1981ರಲ್ಲಿ ಬಿನ್ನಿಗ್ ಮತ್ತು ರೋರರ್ ಕಟ್ಟಿದ ಯಂತ್ರ ಇದು. ಇದರ ಸೂಜಿ ಗ್ರಾಫೀನ್ ಹಾಳೆಯನ್ನು ಮುಟ್ಟುವುದಿಲ್ಲ, ಒಂದು ನ್ಯಾನೋಮೀಟರಿಗಿಂತ ಕಡಿಮೆ ದೂರದಲ್ಲಿ ನಿಲ್ಲುತ್ತದೆ, ಆದರೂ ನಡುವಿನ ಖಾಲಿ ಜಾಗದಲ್ಲಿ ಸಣ್ಣಗೆ ಕರೆಂಟ್ ಹರಿಯುತ್ತದೆ. ಸೂಜಿಯನ್ನು 0.1 ನ್ಯಾನೋಮೀಟರ್ ಎತ್ತಿದರೆ ಸಾಕು, ಕರೆಂಟ್ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ನನಗೆ ತುಂಬಾ ಇಷ್ಟವಾದ ಸಂಗತಿ ಇನ್ನೊಂದಿದೆ: ಈ ಸೂಜಿಯ ವೋಲ್ಟೇಜೇ ತನ್ನ ಕೆಳಗೆ ಹಾಳೆಯಲ್ಲಿ ದುಂಡನೆ ಗೋಡೆ ಎಬ್ಬಿಸುತ್ತದೆ. ಒಳಗೆ ಏನು ನಡೆದಿದೆ ಅಂತ ಅಳೆಯುವುದೂ ಅದೇ ಸೂಜಿ.

ಈಗ ಅನುರಣನೆ. ಎಲೆಕ್ಟ್ರಾನ್ ಅಲೆಯೂ ಹೌದು. ರಂಗೋಲಿಯ ಎಳೆ ಸುತ್ತು ಹಾಕಿ ಬಂದು ಶುರು ಮಾಡಿದ ಚುಕ್ಕೆಗೇ ಸೇರಬೇಕಲ್ವಾ, ಹಾಗೆ ಅಲೆಯೂ ಒಂದು ಸುತ್ತು ಮುಗಿಸಿ ತನ್ನ ಬಾಲಕ್ಕೆ ಸರಿಯಾಗಿ ಕೂಡಬೇಕು. ಕೂಡದಿದ್ದರೆ ತನ್ನನ್ನೇ ಅಳಿಸಿಕೊಳ್ಳುತ್ತದೆ. ಕೆಲವೇ ಶಕ್ತಿಗಳಲ್ಲಿ ಹೀಗೆ ಕೂಡುತ್ತದೆ. ವೋಲ್ಟೇಜ್ ಏರಿಸುತ್ತಾ ಅಳೆದರೆ ಅಲ್ಲಲ್ಲಿ ಶಿಖರಗಳು ಏಳುತ್ತವೆ, ಅವೇ ಅನುರಣನೆಗಳು.

ಆ ಶಿಖರಗಳು ಸೂಜಿಮೊನೆಯಂತೆ ಇರುವುದಿಲ್ಲ, ಸ್ವಲ್ಪ ಅಗಲ. ಸುತ್ತುವಾಗ ಎಲೆಕ್ಟ್ರಾನ್ ಗೋಡೆಯಿಂದ ಸೋರುತ್ತಲೂ ಇರುತ್ತದೆ. ಬೇಗ ಸೋರಿದಷ್ಟೂ ಶಿಖರ ಅಗಲ. ನಿಮ್ಮ ಸರ್ ಹೇಳಿದ ಮಾತು ಆ ಅಗಲದಲ್ಲೇ ಕಾಣುತ್ತದೆ, ಅವರಿಗೂ ತೋರಿಸಿ.