ವಿಯೆಟ್ನಾಂ ಕಂಪನಿಗೆ ದೂರಿನ ಪತ್ರ: ಇಂಗ್ಲಿಷ್ ಕಾಗದವನ್ನೇ ಅನುವಾದ ಮಾಡಿಸಿದರೆ ಸಾಕಾ?

ವಿಯೆಟ್ನಾಮಿನಿಂದ ತರಿಸಿದ ಗೇರುಬೀಜ ಒಡೆಯುವ ಮೆಷಿನ್‌ನ ಬ್ಲೇಡ್ ಬೇಗ ಸವೆದಿದೆ, ಇಂಗ್ಲಿಷ್‌ನಲ್ಲಿ ಬರೆದಿಟ್ಟ ದೂರನ್ನು ಹಾಗೇ ಅವರ ಭಾಷೆಗೆ ಮಾಡಿಸಿ ಕಳಿಸಬಹುದಾ ಅಂತ ಕೇಳಿದ್ದೀರಿ. ಕಳಿಸಬಹುದು, ಅರ್ಥವೂ ಆಗುತ್ತದೆ. ಆದರೆ ಅವರ ಕಣ್ಣಿಗೆ ಅದು ಕಂಪನಿ ಬರೆದ ಕಾಗದದ ಹಾಗೆ ಕಾಣುವುದಿಲ್ಲ. ನಾನು ಆಮದು ವಿಭಾಗದಲ್ಲಿ ಕೆಲಸ ಮಾಡುವವನು, ಎರಡೂ ಥರದ ಪತ್ರಗಳನ್ನು ನೋಡುತ್ತಿರುತ್ತೇನೆ.

ಇಂಗ್ಲಿಷ್ ದೂರು ಮೊದಲ ಸಾಲಿಗೇ ವಿಷಯಕ್ಕೆ ಬರುತ್ತದೆ: ಇಂಥ ದಿನ ಬಂದ ಮೆಷಿನ್ ಸರಿಯಿಲ್ಲ. ಆಮೇಲೆ ಏನಾಯಿತು, ನಮಗೇನು ಬೇಕು, ಎಷ್ಟು ದಿನದೊಳಗೆ ಬೇಕು. ನಮಗೆ ನಿರಾಸೆಯಾಗಿದೆ ಅಂತ ಬರೆಯುವುದೂ ಅಲ್ಲಿ ಮಾಮೂಲು.

ವಿಯೆಟ್ನಾಮಿ ಪತ್ರ ಹಾಗಲ್ಲ, ಅದು ಸರ್ಕಾರಿ ಕಾಗದದ ಜಾಡಿನಲ್ಲೇ ಹೋಗುತ್ತದೆ. ಎಡಗಡೆ ಕಂಪನಿ ಹೆಸರು, ಕೆಳಗೆ ಪತ್ರದ ನಂಬರ್, ವಿಷಯ. ಬಲಗಡೆ ದೇಶದ ಪೂರ್ತಿ ಹೆಸರು ಮತ್ತು ಧ್ಯೇಯವಾಕ್ಯ, ಅದರಡಿ ಊರು, ತಾರೀಖು. (ನೀವು ಭಾರತದಿಂದ ಬರೆಯುವಾಗ ದೇಶದ ಹೆಸರಿನ ತಲೆಬರಹ ಬೇಡ, ನಂಬರ್ ಮತ್ತು ವಿಷಯ ಮಾತ್ರ ಬಿಡಬೇಡಿ.) ಆಮೇಲೆ 'ಕಿನ್ ಗುಯಿ', ಅಂದರೆ ಗೌರವಪೂರ್ವಕವಾಗಿ ಇವರಿಗೆ ಅಂತ ಕಂಪನಿ ಹೆಸರು. ಇಷ್ಟಾದರೂ ದೂರು ಇನ್ನೂ ಶುರುವಾಗಿರುವುದಿಲ್ಲ! 'ಇಂಥ ನಂಬರಿನ ಒಪ್ಪಂದದ ಆಧಾರದ ಮೇಲೆ, ಇಂಥ ದಿನ ಮೆಷಿನ್ ಒಪ್ಪಿಸಿದ ದಾಖಲೆಯ ಆಧಾರದ ಮೇಲೆ' ಅಂತ ಸಾಲುಗಳು ಬರುತ್ತವೆ, ಆಮೇಲೆ ನಡೆದದ್ದು, ಕೊನೆಗೆ 'ಮಾನ್ಯ ಕಂಪನಿಯವರು ಪರಿಶೀಲಿಸಿ ಬ್ಲೇಡ್ ಬದಲಾಯಿಸಿಕೊಡಬೇಕೆಂದು ಕೋರುತ್ತೇವೆ'. ಅದರ ಕೆಳಗೆ ಸಹಿ, ಕೆಂಪು ಮೊಹರು. ನಮ್ಮ ಸರ್ಕಾರಿ ಪತ್ರಗಳ ವಿಷಯ, ಉಲ್ಲೇಖ ಎಲ್ಲ ಓದಿ ಗೊತ್ತಿರುವ ಕನ್ನಡದವರಿಗೆ ಇದೇನೂ ಹೊಸದಲ್ಲ ಅಲ್ವಾ? ಅದಕ್ಕೇ ನಾನು ಹೇಳುವುದು, ಕರಡನ್ನು ಮೊದಲು ಕನ್ನಡದ ಕಚೇರಿ ಪತ್ರದ ಧಾಟಿಯಲ್ಲೇ ಬರೆದುಕೊಳ್ಳಿ, ಅಲ್ಲಿಂದ ಅನುವಾದ ಮಾಡಿಸಿ.

ಕರೆಯುವ ರೀತಿಯಲ್ಲೂ ವ್ಯತ್ಯಾಸ ಇದೆ. ಫೋನಿನಲ್ಲೋ ಜಾಲೋದಲ್ಲೋ (Zalo, ಅಲ್ಲಿನವರು ಬಳಸುವ ವಾಟ್ಸಾಪ್ ಥರದ ಆ್ಯಪ್) ಮಾತಾಡುವಾಗ ಅವರು ವಯಸ್ಸು ನೋಡಿ ಅಣ್ಣ, ಅಕ್ಕ ಅಂತಲೇ ಕರೆಯುತ್ತಾರೆ. ಕಂಪನಿಯ ಪತ್ರದಲ್ಲಿ ಆ ಸಲಿಗೆ ಇರುವುದಿಲ್ಲ, ಅಲ್ಲಿ ಕಂಪನಿಯ ಜೊತೆ ಕಂಪನಿ ಮಾತಾಡುತ್ತದೆ. ನಿಮಗೆ ಎಷ್ಟು ಬೇಸರವಾಗಿದೆ ಅನ್ನುವುದನ್ನು ಫೋನಿನಲ್ಲೇ ಹೇಳಿ, ಕಾಗದಕ್ಕೆ ತರಬೇಡಿ.

ಹಾಗಂತ ಇಷ್ಟೊಂದು ಗೌರವ ಇದೆ, ಪತ್ರ ಮೆತ್ತಗಿದೆ ಅಂದುಕೊಳ್ಳಬೇಡಿ. ಅದರ ಬಲ ಇರುವುದೇ ಆ ಆಧಾರದ ಸಾಲುಗಳಲ್ಲಿ. ಒಪ್ಪಂದದ ಇಂತಿಷ್ಟನೇ ಕಲಂ ಪ್ರಕಾರ ವಾರಂಟಿ ಇಷ್ಟು ತಿಂಗಳು ಅಂತ ಬರೆದು, ಸವೆದ ಬ್ಲೇಡಿನ ಫೋಟೋ, ಮೆಷಿನ್ ನಂಬರ್ ಜೊತೆಗಿಟ್ಟರೆ ಅದನ್ನು ಸುಮ್ನೆ ಪಕ್ಕಕ್ಕಿಡುವುದು ಅವರಿಗೆ ಕಷ್ಟ. ಮೂರು ಪ್ಯಾರಾ ಸಿಟ್ಟಿಗಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ.

ಇನ್ನು ಗಡುವು. ನಿಮ್ಮ ಒಪ್ಪಂದಕ್ಕೆ ವಿಯೆಟ್ನಾಮಿನ ಕಾನೂನು ಅನ್ವಯವಾಗುತ್ತದೆ ಅಂತಿದ್ದರೆ ಅವರ 2005ರ ವಾಣಿಜ್ಯ ಕಾನೂನಿನ 318ನೇ ಕಲಂ ನೋಡಿ. ಬೇರೆ ಗಡುವು ಮಾತಾಗಿರದಿದ್ದರೆ, ಮಾಲು ಕಡಿಮೆ ಬಂದಿದ್ದಕ್ಕೆ ಡೆಲಿವರಿಯಿಂದ 3 ತಿಂಗಳೊಳಗೆ, ಗುಣಮಟ್ಟಕ್ಕೆ 6 ತಿಂಗಳೊಳಗೆ ದೂರು ಕೊಡಬೇಕು. ವಾರಂಟಿ ಇರುವ ಮಾಲಾದರೆ ವಾರಂಟಿ ಮುಗಿದ ಮೇಲೆ 3 ತಿಂಗಳು. ಹಾಗಾಗಿ ಭಾಷೆ ತಿದ್ದುತ್ತಾ ಕೂರಬೇಡಿ, ಮೊದಲು ಡೆಲಿವರಿ ತಾರೀಖು ಹುಡುಕಿ. ಎರಡು ಭಾಷೆಯಲ್ಲಿ ಕಳಿಸುವುದಾದರೆ ಯಾವ ಭಾಷೆಯ ಪ್ರತಿಗೆ ಮಾನ್ಯತೆ ಅನ್ನುವುದನ್ನೂ ಒಪ್ಪಂದದಲ್ಲಿ ಒಮ್ಮೆ ನೋಡಿಕೊಳ್ಳಿ.