ಪಿಚರ್‌ಗಳ ಅರ್ಹತೆ, ಕಾರ್ಡ್‌ಗಳ ಬೆಲೆ: ಬೇಸ್‌ಬಾಲ್ ಪ್ರಶ್ನೋತ್ತರ

ಪ್ರಶ್ನೆ: ಪಿಚರ್ (ಚೆಂಡು ಎಸೆಯುವವರು) ಟಾಮಿ ಜಾನ್ 288 ಗೆಲುವು ಪಡೆದರೂ ಬೇಸ್‌ಬಾಲ್ ದಿಗ್ಗಜರ ಗೌರವ ಸಾಲಾದ ಹಾಲ್ ಆಫ್ ಫೇಮ್ ಒಳಗೆ ಕಾಲಿಡಲಾಗಿಲ್ಲ. ಸ್ಯಾಂಡಿ ಕೋಫ್ಯಾಕ್ಸ್ ಗೆದ್ದದ್ದು ಬರೀ 165. ಆದರೂ ಅವರು ಮೊದಲ ಸಲವೇ ಆಯ್ಕೆಯಾದರು. ಇದು ಯಾವ ಲೆಕ್ಕ?

ಉತ್ತರ: ಇದು ಗೆಲುವಿನ ಲೆಕ್ಕವಂತೂ ಅಲ್ಲ. ಪಂದ್ಯ ಆರಂಭಿಸಿದ ಪಿಚರ್ ಹೆಸರಿಗೆ ಗೆಲುವು ಬರೆಯಲು ಅವರು ಕನಿಷ್ಠ 5 ಇನ್ನಿಂಗ್ಸ್ ಎಸೆದಿರಬೇಕು, ಮೈದಾನ ಬಿಡುವಾಗ ತಂಡ ಮುಂದಿರಬೇಕು, ಆ ಮುನ್ನಡೆ ಕೊನೆವರೆಗೂ ಉಳಿಯಬೇಕು. ತಂಡದ ಬ್ಯಾಟರ್‌ಗಳು ರನ್ ಗಳಿಸದಿದ್ದರೆ ಎಂಥ ಪಿಚರ್ ಕೂಡ ಬರಿಗೈಯಲ್ಲಿ ಹೋಗಬೇಕಾಗುತ್ತದೆ. 2018ರಲ್ಲಿ ಜೇಕಬ್ ಡಿಗ್ರಾಮ್ ಅವರ ಇಆರ್‌ಎ 1.70. ಅಂದರೆ ಪ್ರತಿ 9 ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್ 2ಕ್ಕೂ ಕಡಿಮೆ. ಗೆಲುವು ಮಾತ್ರ 10, ಸೋಲು 9. ಆದರೂ ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಅವರಿಗೇ ಹೋಯಿತು.

ಈಗ ನಿಮ್ಮ ಇಬ್ಬರನ್ನು ನೋಡೋಣ. ಕೋಫ್ಯಾಕ್ಸ್ ಅವರ ಮೊದಲ 6 ವರ್ಷಗಳ ದಾಖಲೆ 36 ಗೆಲುವು, 40 ಸೋಲು. ಅಷ್ಟಕ್ಕೇ ನಿಲ್ಲಿಸಿದ್ದರೆ ಅವರ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ. 1962ರಿಂದ 1966ರವರೆಗೆ 111 ಗೆಲುವು, 34 ಸೋಲು. ಆ ಐದೂ ವರ್ಷ, ಅಮೆರಿಕದ ಎರಡು ಪ್ರಮುಖ ಲೀಗ್‌ಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನಲ್ಲಿ ಅತಿ ಕಡಿಮೆ ಇಆರ್‌ಎ ಅವರದೇ. 1963, 1965, 1966ರಲ್ಲಿ ಸೈ ಯಂಗ್ ಪ್ರಶಸ್ತಿ. ಆಗ ಎರಡೂ ಲೀಗ್‌ಗೆ ಸೇರಿ ಕೊಡುತ್ತಿದ್ದದ್ದು ಒಂದೇ ಪ್ರಶಸ್ತಿ ಎಂಬುದನ್ನೂ ಗಮನಿಸಿ. ಮೊಣಕೈ ಸಂಧಿವಾತದಿಂದ 30ನೇ ವಯಸ್ಸಿಗೆ ನಿವೃತ್ತರಾದರು, 1972ರ ಹಾಲ್ ಆಫ್ ಫೇಮ್ ಆಯ್ಕೆಯಲ್ಲಿ ಬೇಸ್‌ಬಾಲ್ ಬರಹಗಾರರ ಶೇ 86.9 ಮತ ಬಂತು. ಜಾನ್ 26 ಋತು ಆಡಿದರು, ಇಆರ್‌ಎ 3.34. ಒಮ್ಮೆಯೂ ಸೈ ಯಂಗ್ ಗೆಲ್ಲಲಿಲ್ಲ. 15 ಸಲ ಮತಪತ್ರದಲ್ಲಿದ್ದರೂ ಶೇ 31.7 ದಾಟಲಿಲ್ಲ. ಬೇಕಿದ್ದದ್ದು ಶೇ 75.

ಹಾಗಂತ ಮತದಾರರ ತಕ್ಕಡಿ ಯಾವಾಗಲೂ ನೆಟ್ಟಗಿದೆ ಎಂದಲ್ಲ. ಬರ್ಟ್ ಬ್ಲೈಲೆವನ್ ಅವರದು 287 ಗೆಲುವು, 3,701 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), 60 ಶಟ್‌ಔಟ್ (ಎದುರಾಳಿಗೆ ಒಂದೂ ರನ್ ಬಿಟ್ಟುಕೊಡದ ಪಂದ್ಯ). ಇಷ್ಟಿದ್ದೂ 1998ರ ಮೊದಲ ಮತದಾನದಲ್ಲಿ ಸಿಕ್ಕಿದ್ದು ಶೇ 17.5, ಆಯ್ಕೆಯಾದದ್ದು 14ನೇ ಪ್ರಯತ್ನದಲ್ಲಿ, 2011ರಲ್ಲಿ. ಆ ಹದಿಮೂರು ವರ್ಷಗಳಲ್ಲಿ ಅವರು ಒಂದು ಚೆಂಡನ್ನೂ ಎಸೆದಿರಲಿಲ್ಲ, ಬದಲಾದದ್ದು ಮತ ಹಾಕುವವರ ಅಳತೆಗೋಲು. 300 ಗೆಲುವು ಎಂಬ ಹಳೆಯ ಗಡಿ ಈಗ ಹೆಚ್ಚುಕಡಿಮೆ ಮುಗಿದ ಕಥೆ. 2009ರಲ್ಲಿ ರ‍್ಯಾಂಡಿ ಜಾನ್ಸನ್ ಮುಟ್ಟಿದ ಮೇಲೆ ಯಾರೂ ಮುಟ್ಟಿಲ್ಲ.

ಪ್ರಶ್ನೆ: ಬಾಬ್ ಗಿಬ್ಸನ್ ಅವರ 1968ರ 1.12 ಇಆರ್‌ಎ ದೊಡ್ಡ ಸಾಧನೆಯೋ, ಪೆಡ್ರೊ ಮಾರ್ಟಿನೆಝ್ ಅವರ 2000ದ 1.74 ದೊಡ್ಡದೋ?

ಉತ್ತರ: ಆಯಾ ವರ್ಷದ ಲೀಗ್ ಸರಾಸರಿಯನ್ನು ಪಿಚರ್‌ನ ಇಆರ್‌ಎಯಿಂದ ಭಾಗಿಸಿ ನೋಡಿ. 1968ರ ನ್ಯಾಷನಲ್ ಲೀಗ್ ಸರಾಸರಿ 2.99, ಅದನ್ನು 1.12ರಿಂದ ಭಾಗಿಸಿದರೆ ಸುಮಾರು 2.67. 2000ದ ಅಮೆರಿಕನ್ ಲೀಗ್ ಸರಾಸರಿ 4.91, ಅದನ್ನು 1.74ರಿಂದ ಭಾಗಿಸಿದರೆ 2.82. ಇದಕ್ಕೆ ಮೈದಾನದ ಗುಣವನ್ನೂ ಸೇರಿಸಿ 100ರ ಸರಾಸರಿಗೆ ಇಳಿಸಿದ್ದೇ ಇಆರ್‌ಎ ಪ್ಲಸ್: ಗಿಬ್ಸನ್ 258, ಪೆಡ್ರೊ 291. 1968 ಪಿಚರ್‌ಗಳ ಸುಗ್ಗಿಯ ವರ್ಷ. ಎಷ್ಟೆಂದರೆ ಮರುವರ್ಷವೇ ಪಿಚರ್ ನಿಲ್ಲುವ ದಿಬ್ಬವನ್ನು 15 ಇಂಚಿನಿಂದ 10ಕ್ಕೆ ತಗ್ಗಿಸಿದರು. ಪೆಡ್ರೊ ಎಸೆದದ್ದು ಬ್ಯಾಟರ್‌ಗಳು ಚಚ್ಚಿಹಾಕುತ್ತಿದ್ದ ಕಾಲದಲ್ಲಿ. ನಮ್ಮ ಮತ ಪೆಡ್ರೊಗೆ. ಆದರೆ ಗಿಬ್ಸನ್ ಆ ವರ್ಷ 304⅔ ಇನ್ನಿಂಗ್ಸ್ ಎಸೆದರು, ಪೆಡ್ರೊ 217. ಹೆಚ್ಚು ದುಡಿದದ್ದು ಯಾರು ಎಂದು ಕೇಳಿದರೆ ಉತ್ತರ ತಿರುಗುತ್ತದೆ. ವಾದಕ್ಕೆ ಕೂರುವ ಮೊದಲು ಪ್ರಶ್ನೆ ಯಾವುದೆಂದು ಇಬ್ಬರೂ ಒಪ್ಪಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಯೋಹಾನ್ ಸಂತಾನಾ ಒಂದೇ ವರ್ಷಕ್ಕೆ ಮತಪತ್ರದಿಂದ ಹೊರಬಿದ್ದದ್ದು ಸರಿಯೇ?

ಉತ್ತರ: ಸರಿಯಲ್ಲ. 139 ಗೆಲುವು, 3.20 ಇಆರ್‌ಎ, ಎರಡು ಸೈ ಯಂಗ್ ಪ್ರಶಸ್ತಿ ಇದ್ದವರಿಗೆ 2018ರಲ್ಲಿ ಸಿಕ್ಕಿದ್ದು ಶೇ 2.4. ಶೇ 5ಕ್ಕಿಂತ ಕಡಿಮೆ ಬಂದರೆ ಹೆಸರು ಅಳಿಸಿಹೋಗುತ್ತದೆ. ಮತದಾರರು 10 ಹೆಸರಿಗಿಂತ ಹೆಚ್ಚು ಬರೆಯುವಂತಿಲ್ಲ, ಆ ವರ್ಷವೋ ಸಾಲಿನಲ್ಲಿ ಬಾಂಡ್ಸ್, ಕ್ಲೆಮೆನ್ಸ್, ಶಿಲ್ಲಿಂಗ್, ಮುಸಿನಾ ಮುಂತಾದ ದೊಡ್ಡ ಆಟಗಾರರೆಲ್ಲ ನಿಂತಿದ್ದರು. ಅಂಥದೇ ದಾಖಲೆಯ ಫೆಲಿಕ್ಸ್ ಹೆರ್ನಾಂಡೆಝ್ (169 ಗೆಲುವು, 3.42) 2025ರ ಮೊದಲ ಸಲಕ್ಕೇ ಶೇ 20.6 ಪಡೆದು ಉಳಿದುಕೊಂಡರು. ಸಂತಾನಾ ಏಳು ವರ್ಷ ತಡವಾಗಿ ಬಂದಿದ್ದರೆ ಅವರೂ ಉಳಿಯುತ್ತಿದ್ದರು ಎಂದೇ ನಮ್ಮ ಅನಿಸಿಕೆ.

ಪ್ರಶ್ನೆ: ಪಿಚರ್ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾಗುವ ಮುನ್ನ ಅವರ ರೂಕಿ ಕಾರ್ಡ್ (ಸಂಗ್ರಾಹಕರು ಕೊಳ್ಳುವ, ಆಟಗಾರನ ಚಿತ್ರವಿರುವ ಮೊದಲ ಕಾರ್ಡ್) ಕೊಂಡಿಟ್ಟರೆ ಲಾಭವಿದೆಯೇ?

ಉತ್ತರ: ಬಹುತೇಕ ಇಲ್ಲ. ಆಯ್ಕೆಯಾಗುವ ಸಂಭವ ಎಲ್ಲರಿಗೂ ಗೊತ್ತಿರುವುದರಿಂದ ಜನವರಿಯ ಫಲಿತಾಂಶಕ್ಕೆ ಮೊದಲೇ ಬೆಲೆ ಏರಿರುತ್ತದೆ. ಘೋಷಣೆಯಾದ ವಾರ ಪೆಟ್ಟಿಗೆಯಲ್ಲಿದ್ದ ಕಾರ್ಡ್‌ಗಳೆಲ್ಲ ಒಟ್ಟಿಗೆ ಮಾರಾಟಕ್ಕೆ ಬಂದು ಇಳಿಯುತ್ತದೆ. ಅದಕ್ಕಿಂತ ಮುಖ್ಯ, ಕಾರ್ಡ್ ಎಷ್ಟು ಅಚ್ಚಾಗಿದೆ ಎಂಬುದು. 1980ರ ದಶಕದ ಕೊನೆಯಿಂದ 1990ರ ಆರಂಭದವರೆಗೆ ಕಂಪನಿಗಳು ಮಿತಿಯಿಲ್ಲದೆ ಮುದ್ರಿಸಿದವು. 2019ರಲ್ಲಿ ಆಯ್ಕೆಯಾದ ಮುಸಿನಾ ಅವರ 1991ರ ಕಾರ್ಡ್‌ಗಳು ಇಂದಿಗೂ ಬಿಡಿಗಾಸಿಗೆ ಸಿಗುವುದು ಅದಕ್ಕೇ. ಪಿಚರ್ ಗ್ರೆಗ್ ಮ್ಯಾಡಕ್ಸ್ ಅವರ 1987ರ ಡಾನ್‌ರಸ್ ಕಂಪನಿಯ 36ನೇ ನಂಬರ್ ಕಾರ್ಡ್ ಕೂಡ ಅದೇ ಪೈಕಿ. ಕಾರ್ಡ್‌ನ ಸ್ಥಿತಿ ನೋಡಿ ಅಂಕ ಕೊಡುವ ಗ್ರೇಡಿಂಗ್ ಸಂಸ್ಥೆಯಿಂದ ಗ್ರೇಡ್ 10 ಬಂದ ಪ್ರತಿಗೆ ಮಾತ್ರ ಕಿಮ್ಮತ್ತು. ಮೆಚ್ಚಿನ ಪಿಚರ್ ಆಗಿದ್ದರೆ ಕೊಳ್ಳಿ, ಋತು ಮುಗಿದ ಮೇಲೆ ನವೆಂಬರ್ ಹೊತ್ತಿಗೆ ಕೊಳ್ಳಿ.

ಪ್ರಶ್ನೆ: ನೋಲನ್ ರಯಾನ್ ಅವರ 1968ರ ಟಾಪ್ಸ್ ಕಂಪನಿಯ ರೂಕಿ ಕಾರ್ಡ್ ಗ್ರೇಡಿಂಗ್ ಇಲ್ಲದೆ ಮಾರಾಟಕ್ಕಿದೆ. ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ?

ಉತ್ತರ: ಅದು 177ನೇ ನಂಬರ್, ಜೆರ‍್ರಿ ಕೂಸ್‌ಮನ್ ಜತೆ ಇಬ್ಬರ ಚಿತ್ರವಿರುವ ಕಾರ್ಡ್. ನಕಲಿಗಳು ಧಾರಾಳವಾಗಿವೆ. ಮೊದಲು ಅದೇ ವರ್ಷದ ಯಾವುದಾದರೂ ಅಗ್ಗದ ಟಾಪ್ಸ್ ಕಾರ್ಡ್ ಒಂದನ್ನು ಕೊಂಡು ಪಕ್ಕದಲ್ಲಿ ಇಟ್ಟುಕೊಳ್ಳಿ. ಹೋಲಿಸಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ.

10 ಪಟ್ಟು ಹಿಗ್ಗಿಸುವ ಲೂಪ್‌ನಲ್ಲಿ ಕಪ್ಪು ಅಕ್ಷರಗಳನ್ನು ನೋಡಿ. ಅಸಲಿಯಲ್ಲಿ ಕಪ್ಪು ಶಾಯಿ ತುಂಬಿಕೊಂಡು ಅಂಚು ಚೂಪಾಗಿರುತ್ತದೆ. ಅಸಲಿಯ ಫೋಟೊ ತೆಗೆದು ಮರುಮುದ್ರಿಸಿದ್ದಾದರೆ ಅಕ್ಷರವೇ ಬಣ್ಣಬಣ್ಣದ ಚುಕ್ಕೆಗಳಾಗಿ ಒಡೆಯುತ್ತದೆ. ಆಮೇಲೆ ಎರಡೂ ಕಾರ್ಡ್‌ಗಳ ಹಿಂದೆ ಒಂದೇ ಟಾರ್ಚ್ ಹಿಡಿದು ಬೆಳಕು ಎಷ್ಟು ದಾಟುತ್ತದೆಂದು ಹೋಲಿಸಿ, ರಟ್ಟು ಬೇರೆಯಾದರೆ ವ್ಯತ್ಯಾಸ ಕಾಣುತ್ತದೆ. ಕೊನೆಗೆ ಅಳತೆ. 1957ರಿಂದ ಟಾಪ್ಸ್ ಕಾರ್ಡ್ 2½ × 3½ ಇಂಚು, ಅಂದರೆ 63.5 × 88.9 ಮಿ.ಮೀ. ಕಾರ್ಖಾನೆಯ ಕತ್ತರಿಯಲ್ಲೂ ಅಲ್ಪ ಏರುಪೇರು ಇರುತ್ತದೆ. ಆದರೆ ಕಾರ್ಡ್ ಸಣ್ಣದಾಗಿದ್ದು ಒಂದು ಅಂಚು ಮಾತ್ರ ಉಳಿದವಕ್ಕಿಂತ ಬಿಳುಪಾಗಿ, ಹರಿತವಾಗಿ ಇದ್ದರೆ ಯಾರೋ ಸವೆದ ಮೂಲೆ ಮುಚ್ಚಲು ಕತ್ತರಿಸಿದ್ದಾರೆ ಎಂದೇ ಲೆಕ್ಕ.

ದೊಡ್ಡ ಹೆಸರಿಗೆ ಮರುಳಾಗಬೇಡಿ. ಒಮ್ಮೆ ಐಸ್ ಹಾಕಿ ತಾರೆ ವೇಯ್ನ್ ಗ್ರೆಟ್ಸ್‌ಕಿ ಕೈಯಲ್ಲಿದ್ದ, ಗ್ರೇಡ್ 8 ಪಡೆದ ಟಿ206 ಸರಣಿಯ ಹೋನಸ್ ವ್ಯಾಗ್ನರ್ ಕಾರ್ಡ್ ಅಂಚು ಕತ್ತರಿಸಿದ್ದೆಂದು 2013ರಲ್ಲಿ ನ್ಯಾಯಾಲಯದಲ್ಲೇ ತಪ್ಪೊಪ್ಪಿಗೆಯಾಯಿತು. ಅಂದಹಾಗೆ, 1952ರ ಟಾಪ್ಸ್ ಸರಣಿಯನ್ನು ಕಂಪನಿಯೇ 1983ರಲ್ಲಿ ಮರುಮುದ್ರಿಸಿತು. ಮೂಲದ ಅಳತೆ 2⅝ × 3¾ ಇಂಚು, ಮರುಮುದ್ರಣದ್ದು 2½ × 3½. ಸ್ಕೇಲ್ ಇಟ್ಟರೆ ಅರ್ಧ ನಿಮಿಷದ ಕೆಲಸ.

ಪ್ರಶ್ನೆ: 1990ರ ದಶಕದ ನುಣುಪು ಕಾರ್ಡ್‌ಗಳು ಇಟ್ಟಿಗೆಯಂತೆ ಅಂಟಿಕೊಂಡಿವೆ. ಬಿಡಿಸುವುದು ಹೇಗೆ? ಮುಂದೆ ಹೀಗಾಗದಂತೆ ಏನು ಮಾಡಬೇಕು?

ಉತ್ತರ: ಮೇಲ್ಮೈಯ ಹೊಳಪು ಲೇಪನ ತೇವ ಮತ್ತು ಒತ್ತಡಕ್ಕೆ ಮೆತ್ತಗಾಗಿ ಪಕ್ಕದ ಕಾರ್ಡ್ ಹಿಡಿಯುತ್ತದೆ. ಉಗುರು, ಚಾಕು, ಬಿಸಿಗಾಳಿ, ನೀರು ಯಾವುದೂ ಬೇಡ. ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಉದ್ದಕ್ಕೆ ತುಸುವೇ ಬಾಗಿಸಿ, ಮತ್ತೆ ಎದುರು ದಿಕ್ಕಿಗೆ ಬಾಗಿಸಿ. ಚಟ್ ಎಂಬ ಸಣ್ಣ ಸದ್ದಾದರೆ ಒಂದು ಬಿಟ್ಟಿತು ಎಂದರ್ಥ. ಆಮೇಲೆ ಅದನ್ನು ಮೇಲಕ್ಕೆ ಸುಲಿಯಬೇಡಿ, ಪಕ್ಕಕ್ಕೆ ಜಾರಿಸಿ. ಸುಲಿದರೆ ಬಣ್ಣವೇ ಕಿತ್ತು ಬರುತ್ತದೆ. ಎರಡು ಮೂರು ಸಲ ಬಾಗಿಸಿದರೂ ಬಿಡದಿದ್ದರೆ ಆಸೆ ಬಿಡಿ.

ಇಡುವಾಗ ಪ್ರತಿ ಕಾರ್ಡ್‌ಗೂ ಮೊದಲು ತೆಳು ಸ್ಲೀವ್ (ಪ್ಲಾಸ್ಟಿಕ್ ಚೀಲ), ಬೆಲೆಯುಳ್ಳದ್ದಕ್ಕೆ ಅದರ ಮೇಲೆ ಟಾಪ್‌ಲೋಡರ್ (ಗಟ್ಟಿ ಪ್ಲಾಸ್ಟಿಕ್ ಕವಚ). ಸ್ಲೀವ್ ಇಲ್ಲದೆ ಟಾಪ್‌ಲೋಡರ್‌ಗೆ ತುರುಕಿದರೆ ಗೀರು ಖಂಡಿತ. ಸಾಮಾನ್ಯ ಕಾರ್ಡ್‌ಗೆ 35 ಪಾಯಿಂಟ್ ದಪ್ಪಕ್ಕೆ ಹೊಂದುವ ಟಾಪ್‌ಲೋಡರ್ ಸಾಕು, ಜರ್ಸಿ ತುಂಡಿರುವ ದಪ್ಪ ಕಾರ್ಡ್‌ಗೆ 130 ಬೇಕಾದೀತು; ಒಂದು ಪಾಯಿಂಟ್ ಎಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ. ಆಲ್ಬಮ್ ಹಾಳೆ ಪಾಲಿಪ್ರೊಪಿಲೀನ್‌ನದಾಗಿರಲಿ. ಹಳೆಯ ಪಿವಿಸಿ ಹಾಳೆಯಿಂದ ಎಣ್ಣೆಯಂಥ ರಾಸಾಯನಿಕ ಒಸರಿ ಕಾರ್ಡ್ ಹಾಳಾಗುತ್ತದೆ. ದುಂಡು ರಿಂಗ್ ಇರುವ ಫೈಲ್ ಒಳಬದಿಯ ಸಾಲಿನ ಕಾರ್ಡ್‌ಗಳನ್ನು ಒತ್ತಿ ಗುರುತು ಮಾಡುತ್ತದೆ, ಡಿ ಆಕಾರದ ರಿಂಗ್ ಆರಿಸಿ. ತೇವಾಂಶ ಶೇ 40ರಿಂದ 50ರ ನಡುವೆ ಇದ್ದರೆ ಒಳ್ಳೆಯದು. ರಬ್ಬರ್ ಬ್ಯಾಂಡ್ ಎಂದೂ ಬೇಡ.

ಪ್ರಶ್ನೆ: ಹಳೆಯ ಟಾಪ್ಸ್ ಪ್ಯಾಕ್‌ನ ಕಾರ್ಡ್ ಮೇಲೆ ಮೇಣದ ಕಲೆ ಇದೆ. ತೆಗೆಯಬಹುದೇ?

ಉತ್ತರ: ಹೊಳಪಿರುವ ಮುಂಬದಿಯಲ್ಲಿದ್ದರೆ ನೈಲಾನ್ ಕಾಲುಚೀಲದ ತುಂಡಿನಿಂದ ಒಂದೇ ದಿಕ್ಕಿಗೆ ಹಗುರವಾಗಿ ಉಜ್ಜಿ, ಹೋಗುತ್ತದೆ. ಹಿಂಬದಿಯ ಒರಟು ರಟ್ಟಿಗೆ ಇಳಿದ ಮೇಣವಾಗಲಿ, ಪ್ಯಾಕ್‌ನಲ್ಲಿ ಕಾರ್ಡ್ ಜತೆ ಬರುತ್ತಿದ್ದ ಚ್ಯೂಯಿಂಗ್ ಗಮ್‌ನ ಕಂದು ಕಲೆಯಾಗಲಿ ಹೋಗುವುದಿಲ್ಲ.

ಪ್ರಶ್ನೆ: ಗ್ರೇಡಿಂಗ್‌ಗೆ ಕಳಿಸುವ ಮುನ್ನ ಮನೆಯಲ್ಲೇ ಏನು ಪರೀಕ್ಷಿಸಬಹುದು?

ಉತ್ತರ: ಮೂಲೆ, ಅಂಚು, ಮೇಲ್ಮೈ, ಚಿತ್ರ ನಡುವಿನಲ್ಲಿದೆಯೇ ಎಂಬುದು, ಈ ನಾಲ್ಕು. ನಡುವಿನ ಲೆಕ್ಕ ಸುಲಭ. ಎಡ, ಬಲ ಅಂಚುಗಳ ಅಗಲ ಅಳೆದು ಕೂಡಿಸಿ, ದೊಡ್ಡದನ್ನು ಮೊತ್ತದಿಂದ ಭಾಗಿಸಿ. ಎಡಕ್ಕೆ 2.2 ಮಿ.ಮೀ., ಬಲಕ್ಕೆ 1.8 ಇದ್ದರೆ ಅದು 55/45. ಗ್ರೇಡಿಂಗ್ ಮಾಡುವ ಪಿಎಸ್‌ಎ ಸಂಸ್ಥೆಯ 10ಕ್ಕೆ ಮುಂಬದಿಯ ಮಿತಿ ಅಷ್ಟೇ, ಹಿಂಬದಿಗೆ 75/25. ಮೇಲೆ ಕೆಳಗಿನ ಅಂಚನ್ನೂ ಹೀಗೇ ನೋಡಿ, ಬಹಳ ಜನ ಮರೆಯುವುದು ಅದನ್ನೇ. ಗೀರು ಕಾಣಲು ಕಾರ್ಡನ್ನು ಒಂದೇ ದೀಪದ ಕೆಳಗೆ ಓರೆಯಾಗಿ ತಿರುಗಿಸಿ. 9 ಬಂದರೂ ಶುಲ್ಕ ಮತ್ತು ಸಾಗಣೆ ವೆಚ್ಚ ಹುಟ್ಟುವುದಾದರೆ ಮಾತ್ರ ಕಳಿಸಿ. 10 ಬಂದೇ ಬರುತ್ತದೆಂದು ಲೆಕ್ಕ ಹಾಕಿ 1989ರ ಕಾರ್ಡ್‌ಗಳನ್ನು ರಾಶಿಗಟ್ಟಲೆ ಕಳಿಸಿದವರು ಕೊಟ್ಟ ಶುಲ್ಕದಷ್ಟೂ ಹಿಂದೆ ಪಡೆಯುವುದಿಲ್ಲ.